ಲಡಾಖ್‌ಗೆ ಹೊರಟವಳು ಕಾನ್ಹೇರಿಯಲ್ಲಿ ನೆನೆದದ್ದು

ಲಡಾಖ್‌ನ ಮಾರ್ಖಾ ಕಣಿವೆಯ ಚಾರಣಕ್ಕೆ ನಮ್ಮ ತಂಡ ಸೇರೋದು ಮುಂಬೈಯಲ್ಲಿ, ಅಲ್ಲಿಂದ ಲೇಹ್‌ಗೆ ವಿಮಾನ ಅಂತ ತೀರ್ಮಾನವಾಗಿತ್ತು. ನಾನು ಶಿವಮೊಗ್ಗದಿಂದ ಸ್ವಲ್ಪ ಮುಂಚೆಯೇ ಬಂದು ಬೊರಿವಲಿಯ ಚಿಕ್ಕಮ್ಮನ ಮನೆ ಸೇರಿಕೊಂಡೆ. ಮುಂಬೈ ನನಗೆ ಪೂರ್ತಿ ಹೊಸದು. "ಬೌದ್ಧರ ಮಠ, ಆ ಗೊಂಪಾ ನೋಡೋಕೆ ಅಷ್ಟು ದೂರ ಹೋಗ್ತೀಯಲ್ಲ ಪುಟ್ಟಿ, ಇಲ್ಲೇ ಹಿಂದಿನ ಗುಡ್ಡದಲ್ಲಿ ಬುದ್ಧ ಇದ್ದಾನೆ" ಅಂದರು ಚಿಕ್ಕಪ್ಪ. ಜುಲೈ ಮಳೆ ಧೋ ಅಂತ ಸುರಿಯುತ್ತಿತ್ತು. ಆದರೂ ಹೊರಟೆ.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಕಾಡಿನೊಳಗೆ ಬಸ್ಸಿದೆ. (ಸೋಮವಾರ ಹೋಗಬೇಡಿ, ರಜೆ.) ಇಳಿದರೆ ಕಾನ್ಹೇರಿ: ಕಪ್ಪು ಬಸಾಲ್ಟ್ ಗುಡ್ಡ ಕೊರೆದು ಮಾಡಿದ 100ಕ್ಕೂ ಹೆಚ್ಚು ಬೌದ್ಧ ಗುಹೆಗಳು. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಶುರುವಾಗಿ ಸುಮಾರು ಸಾವಿರ ವರ್ಷ ಇಲ್ಲಿ ಭಿಕ್ಷುಗಳಿದ್ದರು. 3ನೇ ಗುಹೆ ದೊಡ್ಡ ಚೈತ್ಯ, ಅಂದರೆ ಪ್ರಾರ್ಥನಾ ಮಂದಿರ. ಅದರ ಜಗಲಿಯಲ್ಲಿ ಎರಡೂ ಬದಿಗೆ ಸುಮಾರು 7 ಮೀಟರ್ ಎತ್ತರದ ಬುದ್ಧರು. ಎಲ್ಲರೂ ಅಲ್ಲೇ ಸೆಲ್ಫಿಗೆ ನಿಲ್ಲುತ್ತಾರೆ.

ನನ್ನ ಕಣ್ಣು ಮಾತ್ರ ನೀರಿನ ಮೇಲೇ ಇತ್ತು. ಚಾರಣದವರ ಚಟ ಅದು, ಎಲ್ಲಿ ಹೋದರೂ ಮೊದಲು ನೀರು ಎಲ್ಲಿ ಅಂತ ಹುಡುಕೋದು. ಗುಹೆಗಳ ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ತೊಟ್ಟಿಗಳಿವೆ. ಬಾಯಿ ಚಿಕ್ಕದು, ಚೌಕ. ಮೇಲಿನ ಬಂಡೆಯಲ್ಲಿ ಅಂಗೈ ಅಗಲದ ಕಾಲುವೆ ಕೊರೆದು, ಇಳಿಜಾರು ನೋಡಿ ತಿರುಗಿಸಿ, ನೀರನ್ನು ಅಲ್ಲಿಗೆ ಇಳಿಸಿದ್ದಾರೆ. ಬಿಸಿಲಲ್ಲಿ ಬಂದಿದ್ದರೆ ಸುಮ್ನೆ ಗೀರು ಅಂದುಕೊಂಡು ದಾಟಿಬಿಡುತ್ತಿದ್ದೆ. ಮಳೆಯಲ್ಲಿ ಅದು ಕೆಲಸ ಮಾಡುತ್ತಿತ್ತು! ಕಾಲುವೆಗೆ ಕೈ ಅಡ್ಡ ಇಟ್ಟೆ, ನೀರು ಬೆರಳು ಹಾರಿ ಮತ್ತೆ ಅದೇ ದಾರಿ ಹಿಡಿಯಿತು. ಕೊಂಕಣದ ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ, ಉಳಿದ ಎಂಟು ತಿಂಗಳಿಗೆ ಕೂಡಿಡಲೇಬೇಕು. ಲಡಾಖ್‌ನಲ್ಲಿ ಮಳೆಯೇ ಅಪರೂಪ, ಅಲ್ಲಿಯವರು ಕರಗುವ ಹಿಮವನ್ನು ನಂಬಿದವರು.

ಇಷ್ಟಕ್ಕೆಲ್ಲ ದುಡ್ಡು ಕೊಟ್ಟವರು ಯಾರು? ಗೋಡೆಗಳ ಮೇಲೇ ಬರೆದಿದೆ. ಮುಂಬೈ ಹತ್ತಿರದ ಕಲ್ಯಾಣ, ಸೋಪಾರದಂಥ ಬಂದರು ಊರುಗಳ ವ್ಯಾಪಾರಿಗಳೇ ಜಾಸ್ತಿ. 9ನೇ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷನ ಹೆಸರೂ ಇದೆ, ಅದೇ ಬೆಂಗಳೂರಿನ ನೃಪತುಂಗ ರಸ್ತೆಯ ನೃಪತುಂಗ! ಆಗ ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆ ರಿಪೇರಿಗೆ ಅಂತ ದಾನ ಬಂದಿತ್ತು. ಪುಸ್ತಕಕ್ಕೂ ಬೇರೆಯಾಗಿ ದುಡ್ಡು ತೆಗೆದಿಟ್ಟಿದ್ದರಲ್ಲ, ಅದು ನನಗೆ ಬಲು ಇಷ್ಟವಾಯಿತು. 90ನೇ ಗುಹೆಯಲ್ಲಿ ನೋಡೋಕೆ ಬಂದ ಪಾರ್ಸಿಗಳು 1009ರಲ್ಲಿ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಪ್ರವಾಸಿಗರ ಈ ಚಾಳಿ ಹಳೆಯದೇ, ಅಲ್ವಾ?

ಮರುದಿನ ಲೋಕಲ್ ಹಿಡಿದು ಆ ಸೋಪಾರಕ್ಕೇ ಹೋದೆ, ಈಗಿನ ನಾಲಾಸೋಪಾರ. ಬಂದರಿನ ಗತ್ತು ಏನೂ ಉಳಿದಿಲ್ಲ. ಅಪಾರ್ಟ್‌ಮೆಂಟು, ಆಟೊ, ಕೆಸರು, ನಡುವೆ ಒಂದು ಸ್ತೂಪದ ದಿಬ್ಬ. 1882ರಲ್ಲಿ ಪುರಾತತ್ವ ವಿದ್ವಾಂಸ ಭಗವಾನ್‌ಲಾಲ್ ಇಂದ್ರಜಿ ಇದನ್ನು ಅಗೆದಾಗ ಕಲ್ಲಿನ ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಒಂದರೊಳಗೊಂದು ಕರಂಡಕಗಳು (ಪವಿತ್ರ ಅವಶೇಷ ಇಡುವ ಭರಣಿಗಳು), ಸುತ್ತ ಎಂಟು ಪುಟ್ಟ ಕಂಚಿನ ಮೂರ್ತಿಗಳು. ಅವು ಈಗ ಮುಂಬೈಯ ಏಷಿಯಾಟಿಕ್ ಸೊಸೈಟಿಯಲ್ಲಿವೆ. ಇಲ್ಲೇ ಸಿಕ್ಕ ಅಶೋಕನ ಶಾಸನದ ತುಂಡು ದಕ್ಷಿಣ ಮುಂಬೈಯ ಮ್ಯೂಸಿಯಂನಲ್ಲಿದೆ. ಅಲ್ಲಿಗೆ ಹೋಗೋಕೆ ಈ ಸಲ ಪುರುಸೊತ್ತಾಗಲಿಲ್ಲ. ಲೇಹ್‌ನಿಂದ ವಾಪಸ್ ಬರುವಾಗ ಅದಕ್ಕೆಂದೇ ಒಂದು ದಿನ ಇಟ್ಟುಕೊಂಡಿದ್ದೇನೆ.