ಮಷಿನ್‌ಗೆ ಏನಾಯ್ತು ಅಂತ ಕೇಳೋದೇ ಇಲ್ಲ

"ಇದು ನನ್ ಹೆಸರು ಕೇಳುತ್ತೆ ಮೇಡಂ. ಮಷಿನ್‌ಗೆ ಏನಾಯ್ತು ಅಂತ ಕೇಳೋದೇ ಇಲ್ವಲ್ಲ?"

ಮಂಗಳವಾರ ಪೀಣ್ಯದ ನಮ್ಮ ಶಾಪ್‌ಫ್ಲೋರ್‌ನಲ್ಲಿ ಹಿರಿಯ ಆಪರೇಟರ್ ಒಬ್ಬರು ಟ್ಯಾಬ್ ವಾಪಸ್ ಕೊಡುತ್ತಾ ಹೇಳಿದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ವಾರವೆಲ್ಲ ಕಿವಿಯಲ್ಲೇ ಇದೆ.

ಪೀಸ್ ರಿಜೆಕ್ಟ್ ಆದರೆ ಹೊಸ ಕ್ವಾಲಿಟಿ ಸಾಫ್ಟ್‌ವೇರ್‌ನಲ್ಲಿ ಅಲ್ಲೇ ಎನ್‌ಸಿ, ಅಂದರೆ ದೋಷದ ದಾಖಲೆ, ತೆರೆಯಬೇಕು. ಮೊದಲ ಕಾಲಂ ಆಪರೇಟರ್ ಹೆಸರು. ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ 'ಆಪರೇಟರ್ ತಪ್ಪು'.

ಅವರು ಜೇಬಿನಿಂದ ಪುಸ್ತಕ ತೆಗೆದರು. 35 ಮಿ.ಮೀ. ಬೋರ್ (ಪೀಸ್‌ನಲ್ಲಿ ಕೊರೆಯುವ ರಂಧ್ರ), ಎಚ್7 ಮಿತಿ: 35ಕ್ಕಿಂತ ಹೆಚ್ಚಾದರೂ 25 ಮೈಕ್ರಾನ್ (ಮಿ.ಮೀ.ನ ಸಾವಿರದ 25 ಭಾಗ) ಒಳಗೇ ಬರಬೇಕು. ಬೆಳಿಗ್ಗೆ ಮಷಿನ್‌ನ ತಿರುಗುವ ಸ್ಪಿಂಡಲ್ ಬಿಸಿಯಾಗುವ ತನಕ ಸೈಜ್ ಎಷ್ಟು ಸರಿಯುತ್ತೆ, ಕತ್ತರಿಸುವ ತುದಿ (ಇನ್ಸರ್ಟ್) ಸವೆದಂತೆ ಬೋರ್ ಎಷ್ಟು ಕಿರಿದಾಗುತ್ತೆ, ಅದನ್ನು ಸರಿದೂಗಿಸಲು ಆಫ್‌ಸೆಟ್ ಯಾವಾಗ ಕೊಟ್ಟರು, ಕೂಲಂಟ್ ಯಾವಾಗ ಬದಲಾಯಿತು, ಎಲ್ಲ ಬರೆದಿದ್ದಾರೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001:2015ರ ಖಂಡ 10.2 ಕೇಳುವುದೂ ಇದನ್ನೇ: ಕಾರಣ ಹುಡುಕಿ, ಮತ್ತೆ ಬರದಂತೆ ಮಾಡಿ, ಮಾಡಿದ್ದಕ್ಕೆ ದಾಖಲೆ ಇಡಿ. ತಪ್ಪು ಮಾಡಿದವರ ಹೆಸರು ಬರೆಯಿರಿ ಅಂತ ಅಲ್ಲೆಲ್ಲೂ ಇಲ್ಲ.

ಮೀಟಿಂಗ್‌ನಲ್ಲಿ ಮಾತ್ರ "ಹಳೇ ಜನ, ಬದಲಾಗಲ್ಲ" ಅಂತ ಒಂದೇ ಮಾತು. ಹೇಳಿದವರು ಕೆಟ್ಟವರಲ್ಲ, ಆದರೆ ನೈಟ್ ಶಿಫ್ಟ್‌ನಲ್ಲಿ ಮಷಿನ್ ಪಕ್ಕ ನಿಂತವರೂ ಅಲ್ಲ. ಕೈಯಿಂದ ತಿರುಗಿಸುವ ಲೇತ್ ಬಿಟ್ಟು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಕಲಿತ ಮನುಷ್ಯ, ಚೀಟಿ ದುಡ್ಡನ್ನು ಫೋನ್‌ನಲ್ಲೇ ಕಟ್ಟುವವರು, ಬದಲಾಗದವರು ಹೇಗಾಗುತ್ತಾರೆ?

ಜನ ಕಂಪ್ಯೂಟರ್ ವ್ಯವಸ್ಥೆಯನ್ನು ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಅಂತ ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಬಳಸಲು ಸುಲಭ ಅನ್ನಿಸಬೇಕು, ಕೆಲಸಕ್ಕೆ ಉಪಯೋಗ ಅನ್ನಿಸಬೇಕು. ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚು. ನಮ್ಮ ಟ್ರೇನಿಂಗ್ ಪೂರ್ತಿ ಯಾವ ಬಟನ್ ಒತ್ತಬೇಕು ಅನ್ನುವುದರಲ್ಲೇ ಮುಗಿಯಿತು. ಆಪರೇಟರ್‌ಗಳು ಹಾಕಿದ ರೀಡಿಂಗ್‌ಗಳು ಕಂಟ್ರೋಲ್ ಚಾರ್ಟ್ (ಅಳತೆಯ ಏರಿಳಿತ ತೋರಿಸುವ ನಕ್ಷೆ) ಆಗಿ ಅವರ ಕಣ್ಣೆದುರೇ ಬಂದರೆ, ಸೈಜ್ ಅಂಚಿಗೆ ಸರಿಯುತ್ತಿರುವುದು ಪೀಸ್ ಹಾಳಾಗುವ ಮೊದಲೇ ತಿಳಿಯುತ್ತೆ. ಆ ಚಾರ್ಟ್ ಸಾಫ್ಟ್‌ವೇರ್‌ನಲ್ಲಿ ಇದೆ. ಮ್ಯಾನೇಜರ್ ಲಾಗಿನ್‌ಗೆ ಮಾತ್ರ ಕಾಣುತ್ತೆ!

ಕೊಡುವುದೆಲ್ಲ ಇವರು, ನೋಡುವುದು ಇನ್ನೊಬ್ಬರು, ಹೆಸರು ಬೀಳುವುದು ಮತ್ತೆ ಇವರದೇ. ಹೀಗಿದ್ದರೆ ಅಂಚಿನ ರೀಡಿಂಗ್ 24 ಮೈಕ್ರಾನ್ ಅಂತ ಯಾರು ನಿಜ ಹಾಕುತ್ತಾರೆ? 12 ಅಂತ ಹಾಕಿ ಸುಮ್ಮನಾಗುತ್ತಾರೆ. ಆಮೇಲೆ ಅಂಥ ಅಂಕಿಗಳ ಮೇಲೆ ಎಷ್ಟು ಚಂದದ ಸಿಪಿಕೆ (ಅಳತೆಗಳು ಮಿತಿಯೊಳಗೆ ಎಷ್ಟು ಚೆನ್ನಾಗಿ ನಿಲ್ಲುತ್ತವೆ ಅನ್ನುವ ಸೂಚ್ಯಂಕ) ತೆಗೆದರೂ ಬೋರ್ ಸರಿಹೋಗಲ್ಲ.

ಆಪರೇಟರ್ ಲಾಗಿನ್‌ಗೂ ಚಾರ್ಟ್ ಕೊಡಿ, ಮೊದಲ ಕಾಲಂ ಮಷಿನ್ ಸ್ಥಿತಿಯದ್ದಾಗಲಿ, ಕಾರಣಗಳ ಪಟ್ಟಿಯನ್ನು ಮೂರೂ ಶಿಫ್ಟ್‌ನವರ ಜೊತೆ ಕೂತು ಬರೆಯೋಣ ಅಂತ ಮೇಲ್ ಹಾಕಿದ್ದೇನೆ. ಸಾಫ್ಟ್‌ವೇರ್ ಕೊಟ್ಟವರು ಇದೇನೂ ದೊಡ್ಡ ಕೆಲಸವಲ್ಲ ಅಂದಿದ್ದಾರೆ. ಪ್ಲಾಂಟ್ ಹೆಡ್ ಒಪ್ಪಬೇಕು.