ಆನಿಕ್‌ನ ಹಳೇ ರೈಲ್ವೆ ಸ್ಟೇಷನ್‌ಗೆ ಹೋಗುವವರಿಗೆ

ಇಂಗ್ಲೆಂಡಿನ ಉತ್ತರದಲ್ಲಿರುವ ನಾರ್ಥಂಬರ್‌ಲ್ಯಾಂಡ್‌ಗೆ ನಮ್ಮವರು ಹೋಗುವುದು ಸಾಮಾನ್ಯವಾಗಿ ಆನಿಕ್ ಕೋಟೆ ನೋಡಲು. ಹ್ಯಾರಿ ಪಾಟರ್‌ನ ಮೊದಲ ಎರಡು ಸಿನಿಮಾಗಳ ಚಿತ್ರೀಕರಣ ಅಲ್ಲಿ ನಡೆದಿತ್ತು, ಅದಕ್ಕೇ ಮಕ್ಕಳಿರುವ ಮನೆಯವರು ಜಾಸ್ತಿ ಹೋಗುತ್ತಾರೆ. ಕೋಟೆ ಸುತ್ತಿ ಸುಸ್ತಾದ ಮೇಲೆ, ಬಸ್ಸಿಗೆ ಇನ್ನೂ ಒಂದು ಗಂಟೆ ಇದ್ದರೆ, ಹಳೇ ಸ್ಟೇಷನ್‌ನಲ್ಲಿರುವ ಬಾರ್ಟರ್ ಬುಕ್ಸ್ ಅಂಗಡಿಗೆ ಒಮ್ಮೆ ಇಣುಕಿ ಬರುತ್ತಾರೆ. ನಾನು ಹೇಳುವುದು ಇಷ್ಟೇ: ಆ ಒಂದು ಗಂಟೆ ಖಂಡಿತ ಸಾಲದು. ಸ್ಟೇಷನ್‌ಗೆ ಅಂತಲೇ ಅರ್ಧ ದಿನ ತೆಗೆದಿಡಿ. ಸಾಧ್ಯವಾದರೆ ಬೆಳಿಗ್ಗೆಯೇ ಅಲ್ಲಿಗೆ ಹೋಗಿ, ಕೋಟೆಯನ್ನು ಆಮೇಲೆ ನೋಡಿ.

ಮೊದಲು ದಾರಿ. ನಕ್ಷೆಯಲ್ಲಿ ಈ ಊರಿನ ಹೆಸರನ್ನು ಆಲ್ನ್‌ವಿಕ್ ಅಂತ ಓದಿಕೊಳ್ಳುವ ಹಾಗಿರುತ್ತದೆ. ಬಸ್ಸಿನಲ್ಲಿ ಕೇಳುವಾಗ ಆನಿಕ್ ಅನ್ನಿ. ಊರಿಗೆ ಈಗ ರೈಲು ಇಲ್ಲ. ಲಂಡನ್–ಎಡಿನ್‌ಬರೋ ಮುಖ್ಯ ಮಾರ್ಗದಲ್ಲಿ ಆಲ್ನ್‌ಮೌತ್ ಅನ್ನುವ ಸಣ್ಣ ಸ್ಟೇಷನ್‌ನಲ್ಲಿ ಇಳಿಯಬೇಕು. ನ್ಯೂಕಾಸಲ್‌ನಿಂದ ಅಲ್ಲಿಗೆ ಸುಮಾರು ಅರ್ಧ ಗಂಟೆ, ಎಡಿನ್‌ಬರೋದಿಂದ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಎಲ್ಲಾ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಸ್ಟೇಷನ್ ಹೊರಗಿನ ರಸ್ತೆಯಲ್ಲೇ ಆನಿಕ್‌ಗೆ ಎಕ್ಸ್18 ಬಸ್ ಸಿಗುತ್ತದೆ. ರೈಲು ಇಳಿದು ಬಸ್ ಹತ್ತುವ ತಾಪತ್ರಯ ಬೇಡ ಅನ್ನುವವರು ನ್ಯೂಕಾಸಲ್‌ನ ಹೇಮಾರ್ಕೆಟ್ ಬಸ್ ನಿಲ್ದಾಣದಿಂದ ನೇರ ಬಸ್ಸಿನಲ್ಲೇ ಬರಬಹುದು. ಆನಿಕ್‌ನಲ್ಲಿ ಇಳಿದ ಮೇಲೆ ಎತ್ತರದ ಕಲ್ಲುಕಂಬ ಒಂದನ್ನು ಗುರುತು ಇಟ್ಟುಕೊಳ್ಳಿ. ತುದಿಯಲ್ಲಿ ಸಿಂಹ ನಿಂತಿದೆ. 1816ರಲ್ಲಿ ಇಲ್ಲಿನ ಡ್ಯೂಕ್‌ನ ಗೇಣಿದಾರರು ಕಟ್ಟಿಸಿದ್ದು. ಸ್ಟೇಷನ್ ಅದರ ಹತ್ತಿರವೇ.

ಹೊರಗಿನಿಂದ ಕಟ್ಟಡ ನೋಡಿದ ಕೂಡಲೇ ಏಳುವ ಪ್ರಶ್ನೆ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಸ್ಟೇಷನ್ ಯಾಕೆ ಅಂತ. ಮುಖ್ಯ ಮಾರ್ಗ ಊರಿನಿಂದ ದೂರದಲ್ಲಿ ಹಾದುಹೋಯಿತು. ಹಾಗಾಗಿ 1850ರಲ್ಲಿ ಊರಿಗೆ ಒಂದು ಚಿಕ್ಕ ಬ್ರಾಂಚ್ ಲೈನ್ ಹಾಕಿದರು. 1887ರಲ್ಲಿ ಇಲ್ಲಿಂದ ವೂಲರ್ ಊರಿನ ಮೂಲಕ ಸ್ಕಾಟ್ಲೆಂಡ್ ಗಡಿಯ ಹತ್ತಿರದ ಕಾರ್ನ್‌ಹಿಲ್ ಕಡೆಗೆ ಇನ್ನೊಂದು ಲೈನ್ ಬಂತು. ಅದೇ ವರ್ಷ ಮೊದಲಿದ್ದ ಸ್ಟೇಷನ್ ಬದಲು ಈಗಿರುವ ಕಟ್ಟಡ ತೆರೆಯಿತು. ವಿನ್ಯಾಸ ನಾರ್ತ್ ಈಸ್ಟರ್ನ್ ರೈಲ್ವೆಯ ವಾಸ್ತುಶಿಲ್ಪಿ ವಿಲಿಯಂ ಬೆಲ್ ಅವರದು. ಕೋಟೆಯಲ್ಲಿ ಡ್ಯೂಕ್ ಆಫ್ ನಾರ್ಥಂಬರ್‌ಲ್ಯಾಂಡ್ ವಾಸ. ಅವರಿಗೆ ಬರುವ ನೆಂಟರು ಎಂಥವರು ಅಂತ ಬೇರೆ ಹೇಳಬೇಕಾ? ರಾಜಮನೆತನದವರು ಇಳಿಯುವ ಜಾಗ ಅಂದ ಮೇಲೆ ಅದಕ್ಕೆ ತಕ್ಕ ಗತ್ತು ಇರಲೇಬೇಕಿತ್ತು.

ಆ ವೈಭವ ಬಹಳ ಕಾಲ ಉಳಿಯಲಿಲ್ಲ. ಕಾರ್ನ್‌ಹಿಲ್ ಕಡೆಗಿನ ಪ್ರಯಾಣಿಕರ ರೈಲು 1930ರಲ್ಲೇ ನಿಂತಿತು. ಆಲ್ನ್‌ಮೌತ್ ಕಡೆಯದು 1968ರಲ್ಲಿ ನಿಂತಿತು. ಮುಂದೆ ಎ1 ಹೆದ್ದಾರಿಯ ಬೈಪಾಸ್ ಬಂದು ಹಳಿ ಇದ್ದ ದಾರಿಯನ್ನೇ ಕತ್ತರಿಸಿಬಿಟ್ಟಿತು.

ರೈಲು ಹೋದ ಮೇಲೆ ಇಂಥ ಕಟ್ಟಡಗಳು ಗೋಡೌನ್ ಆಗುತ್ತವೆ, ಇಲ್ಲವೇ ನೆಲಸಮ ಆಗುತ್ತವೆ. ಇದು ಉಳಿಯಿತು. ಸ್ಟುವರ್ಟ್ ಮ್ಯಾನ್ಲಿ ಅನ್ನುವವರು ಇಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. 1991ರಲ್ಲಿ ಅವರ ಹೆಂಡತಿ ಮೇರಿ ಮುಂದಿನ ಕೋಣೆಯಲ್ಲಿ ಹಳೇ ಪುಸ್ತಕಗಳ ಅಂಗಡಿ ಶುರುಮಾಡಿದರು. ಅಂಗಡಿ ಬೆಳೆಯುತ್ತಾ ಬೆಳೆಯುತ್ತಾ ಕಾರ್ಖಾನೆಯ ಜಾಗವನ್ನೂ ನುಂಗಿತು. ಈಗ ಅದು ಬ್ರಿಟನ್ನಿನ ದೊಡ್ಡ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಒಂದು.

ಒಳಗೆ ಕಾಲಿಟ್ಟ ತಕ್ಷಣ ಕಪಾಟಿನ ಕಡೆ ಓಡಬೇಡಿ. ಮೊದಲು ತಲೆ ಎತ್ತಿ ಚಾವಣಿ ನೋಡಿ. ನಡುವೆ ಕಬ್ಬಿಣದ ಕಂಬಗಳ ಸಾಲು, ಆಚೀಚೆ ಎರಡು ಉದ್ದನೆಯ ಕಮಾನು, ಗಾಜಿನಿಂದ ಇಳಿಯುವ ಬೆಳಕು. ರೈಲು ಬಂದು ನಿಲ್ಲುತ್ತಿದ್ದ ಜಾಗ ಎಷ್ಟು ದೊಡ್ಡದಿತ್ತು ಅಂತ ಆಗ ಅಂದಾಜು ಸಿಗುತ್ತದೆ. ಕಪಾಟುಗಳ ನೆತ್ತಿಯ ಮೇಲೆ ಹಳಿ ಹಾಸಿ ಆಟಿಕೆ ರೈಲು ಓಡಿಸುತ್ತಾರೆ. ಒಂದು ಕಪಾಟಿನಿಂದ ಇನ್ನೊಂದಕ್ಕೆ ಪುಟ್ಟ ಸೇತುವೆಗಳಿವೆ. ನೀವು ಕೆಳಗೆ ಪುಸ್ತಕ ತಿರುವಿಹಾಕುತ್ತಿರುವಾಗ ತಲೆಯ ಮೇಲೆ ಗಡಗಡ ಅಂತ ಸಣ್ಣ ಸದ್ದು ಹಾದುಹೋಗುತ್ತದೆ. ನಾಲ್ಕು ವರ್ಷದ ಮಗುವೂ ಇಲ್ಲಿ ಬೇಜಾರಾಗದೆ ಕೂರುತ್ತದೆ. ಮಕ್ಕಳ ಪುಸ್ತಕಗಳಿಗೆ ಬೇರೆ ಕೋಣೆಯೇ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೇ ವೇಟಿಂಗ್ ರೂಮುಗಳು. ಈಗ ಅಲ್ಲಿ ಸ್ಟೇಷನ್ ಬಫೆ ಅನ್ನುವ ಕ್ಯಾಂಟೀನ್ ಇದೆ. ಚಳಿಗಾಲದಲ್ಲಿ ಕಟ್ಟಡದ ಒಲೆಗಳಲ್ಲಿ ನಿಜವಾದ ಬೆಂಕಿ ಹಾಕುತ್ತಾರೆ. ನಾವು ಹೋದಾಗ ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜ ಕುಳಿತಿದ್ದರು. ಕಾಲ ಬಳಿ ನಾಯಿ ಮಲಗಿತ್ತು. ನಾವು ಎರಡು ಸುತ್ತು ಹಾಕಿ ಬಂದರೂ ಅವರು ಅದೇ ಪುಸ್ತಕ ಓದುತ್ತಿದ್ದರು. ಕೊಳ್ಳುತ್ತೀರಾ ಅಂತ ಯಾರೂ ಅವರನ್ನು ಕೇಳಲಿಲ್ಲ. ಸ್ಟೇಷನ್ ಅಂದರೆ ಸುಮ್ನೆ ಕೂರಲು ಜಾಗ ಕೊಡುವ ಕಟ್ಟಡ ಅಲ್ವಾ? ರೈಲು ನಿಂತರೂ ಆ ಕೆಲಸ ಇಲ್ಲಿ ನಿಂತಿಲ್ಲ. ಹಳೇ ಕಟ್ಟಡ ಉಳಿಸುವುದು ಅಂದರೆ ಬರೀ ಗೋಡೆಗೆ ಸುಣ್ಣ ಬಳಿಯುವುದಲ್ಲ ಅಂತ ನಾನು ವಾದ ಮಾಡುವುದು ಇಂಥದ್ದನ್ನು ನೋಡಿಯೇ.

"ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್" (ಗಾಬರಿಯಾಗದೆ ನಿಮ್ಮ ಕೆಲಸ ಮುಂದುವರಿಸಿ) ಅನ್ನುವ ಬರಹ ಬೆಂಗಳೂರಿನ ಅಂಗಡಿಗಳಲ್ಲೂ ಮಗ್ಗು, ಟೀ ಶರ್ಟುಗಳ ಮೇಲೆ ಕಂಡಿರುತ್ತೀರಿ. ಅದು ಮತ್ತೆ ಬೆಳಕಿಗೆ ಬಂದದ್ದು ಇಲ್ಲಿಂದ. 1939ರಲ್ಲಿ ಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಈ ಪೋಸ್ಟರನ್ನು 20 ಲಕ್ಷಕ್ಕೂ ಹೆಚ್ಚು ಅಚ್ಚು ಹಾಕಿಸಿತ್ತು. ಆದರೆ ಅದನ್ನು ಹಂಚಲೇ ಇಲ್ಲ ಅನ್ನಬಹುದು. ಹೆಚ್ಚಿನವು ರದ್ದಿಯಾದವು. 2000ರಲ್ಲಿ ಹರಾಜಿನಲ್ಲಿ ಕೊಂಡ ಪುಸ್ತಕದ ಪೆಟ್ಟಿಗೆಯಲ್ಲಿ ಸ್ಟುವರ್ಟ್ ಮ್ಯಾನ್ಲಿ ಅವರಿಗೆ ಒಂದು ಪ್ರತಿ ಸಿಕ್ಕಿತು. ಮೇರಿ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಹತ್ತಿರ ತೂಗುಹಾಕಿದರು. ಬಂದವರೆಲ್ಲ ನಮಗೂ ಬೇಕು ಅಂತ ಕೇಳತೊಡಗಿದರು. ಮರುವರ್ಷದಿಂದ ಅವರೇ ಪ್ರತಿಗಳನ್ನು ಮಾರಲು ಶುರುಮಾಡಿದರು.

ಬಾರ್ಟರ್ ಅಂದರೆ ವಿನಿಮಯ. ಅಂಗಡಿಯ ಹೆಸರೇ ಹೇಳುವ ಹಾಗೆ, ಪುಸ್ತಕ ಕೊಟ್ಟು ಪುಸ್ತಕ ಒಯ್ಯಬಹುದು. ನೀವು ತಂದದ್ದರಲ್ಲಿ ಅವರಿಗೆ ಬೇಕಾದದ್ದನ್ನು ಆರಿಸಿ ಅದರ ಬೆಲೆಯನ್ನು ನಿಮ್ಮ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ಬ್ರಿಟನ್ನಿನಲ್ಲೇ ಇರುವ ಕನ್ನಡಿಗರಿಗೆ ಇದು ಒಳ್ಳೆಯದು. ಊರಿನಿಂದ ವಿಮಾನದಲ್ಲಿ ಹೋದವರು ಲಗೇಜಿನ ತೂಕ ನೆನಪಿಟ್ಟುಕೊಂಡು ಕೊಳ್ಳಿ. ಗಟ್ಟಿ ರಟ್ಟಿನ ಹಳೇ ಪುಸ್ತಕಗಳು ತುಂಬಾ ಭಾರ.

ಶನಿವಾರ, ಭಾನುವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜಾಗ ಸಿಗುವುದು ಕಷ್ಟ. ಹನ್ನೊಂದಕ್ಕೆಲ್ಲ ಚಹಾ, ಸ್ಕೋನ್ (ಬನ್ನಿನಂಥ ತಿಂಡಿ) ಮುಗಿಸಿಕೊಳ್ಳಿ.

ರೈಲಿನ ಆಸೆ ಇನ್ನೂ ತೀರದಿದ್ದರೆ ಊರಿನ ಅಂಚಿನಲ್ಲಿ ಆಲ್ನ್ ವ್ಯಾಲಿ ರೈಲ್ವೆ ಇದೆ. ರೈಲು ಪ್ರೇಮಿಗಳು ಹಳೇ ಬ್ರಾಂಚ್ ಲೈನಿನ ಒಂದು ತುಂಡಿಗೆ ಮತ್ತೆ ಹಳಿ ಹಾಸಿ ರೈಲು ಓಡಿಸುತ್ತಿದ್ದಾರೆ. ಹೆದ್ದಾರಿ ಅಡ್ಡ ಬಂದಿರುವುದರಿಂದ ಹಳೇ ಸ್ಟೇಷನ್‌ವರೆಗೆ ಬರಲು ಅವರಿಗೆ ದಾರಿ ಇಲ್ಲ. ಅದಕ್ಕೇ ಲಯನ್‌ಹಾರ್ಟ್ ಅನ್ನುವ ಹೊಸ ಸ್ಟೇಷನ್ ಕಟ್ಟಿಕೊಂಡಿದ್ದಾರೆ. ದಿನಾ ಓಡುವುದಿಲ್ಲ, ಓಡುವ ದಿನಗಳನ್ನು ಮೊದಲೇ ನೋಡಿಕೊಂಡು ಹೋಗಿ. ಸಂಜೆ ಹಿಂತಿರುಗುವ ಬಸ್ಸಿನ ಸಮಯವನ್ನೂ ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.