ಚಿಮ್ನಿ ಸ್ವಿಫ್ಟ್ ಎಣಿಕೆ: ಒಳಗೆ ಇಳಿದದ್ದೇ ಲೆಕ್ಕ

ಚಿಮ್ನಿ ಸ್ವಿಫ್ಟ್ ಎಂಬ, ಚಿಮ್ನಿಯೊಳಗೆ ರಾತ್ರಿ ತಂಗುವ ಹಕ್ಕಿಯನ್ನು ಎಣಿಸಲು ಹೊಸದಾಗಿ ಬಂದವರು ಮೊದಲ ಸಂಜೆ ಸಾಮಾನ್ಯವಾಗಿ ಮಾಡುವ ತಪ್ಪು ಆಕಾಶ ನೋಡುವುದು. ನೂರಾರು ಹಕ್ಕಿ ಗಿರಗಿರ ಸುತ್ತುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಪಾಪ. ಆದರೆ ಸುತ್ತುವ ಹಕ್ಕಿಗೆ ಲೆಕ್ಕದಲ್ಲಿ ಬೆಲೆಯಿಲ್ಲ. ಒಂದೇ ಹಕ್ಕಿ ಹತ್ತು ಸಲ ಮುಂದೆ ಹಾದುಹೋಗಿರುತ್ತದೆ, ಅರ್ಧ ಗುಂಪು ಕೊನೇ ಗಳಿಗೆಯಲ್ಲಿ ಪಕ್ಕದ ಬೀದಿಯ ಚಿಮ್ನಿಗೆ ಜಾರಿಕೊಳ್ಳುತ್ತದೆ. ಎಣಿಸಬೇಕಾದ್ದು ಚಿಮ್ನಿಯ ಬಾಯೊಳಗೆ ಇಳಿದದ್ದನ್ನು. ಕಳೆಯಬೇಕಾದ್ದು ಮತ್ತೆ ಹೊರಗೆ ಹಾರಿದ್ದನ್ನು.

(ನಮ್ಮ ಕಡೆ ಅನೇಕರಿಗೆ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ. ಇಲ್ಲಿ ಹೇಳುತ್ತಿರುವುದು ಹೊಗೆ ಹೋಗಲು ಕಟ್ಟಿದ ಇಟ್ಟಿಗೆಯ ಗೋಪುರ.)

ಹಕ್ಕಿ ಉತ್ತರ ಅಮೆರಿಕದ ಪೂರ್ವ ಭಾಗದ್ದು. ಬೇಸಿಗೆಯಲ್ಲಿ ಅಮೆರಿಕ ಮತ್ತು ದಕ್ಷಿಣ ಕೆನಡಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಅಮೆಜಾನಿನ ಮೇಲ್ದಂಡೆಗೆ ಹೋಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎನ್ನುವುದೇ ಬಹುಕಾಲ ಗೊತ್ತಿರಲಿಲ್ಲ. ಉತ್ತರದಲ್ಲಿ ಹಕ್ಕಿಗಳ ಕಾಲಿಗೆ ತೊಡಿಸಿದ್ದ 13 ಉಂಗುರಗಳು 1944ರಲ್ಲಿ ಪೆರುವಿನಿಂದ ವಾಪಸ್ ಬಂದಾಗ ತಿಳಿಯಿತು. ಉದ್ದ ಸುಮಾರು 13 ಸೆಂ.ಮೀ., ತೂಕ 23 ಗ್ರಾಂ ಆಸುಪಾಸು, ಹೆಚ್ಚುಕಮ್ಮಿ ನಮ್ಮ ಗುಬ್ಬಚ್ಚಿಯಷ್ಟೇ. ಮೈಯೆಲ್ಲ ಮಸಿ ಬಣ್ಣ, ಗಂಟಲು ಮಾತ್ರ ಸ್ವಲ್ಪ ತಿಳಿ. ಕರ್ನಾಟಕದಲ್ಲಿ ಸೇತುವೆ ಕಮಾನಿನಡಿ ಗೂಡು ಕಟ್ಟುವ ಪುಟ್ಟ ಸ್ವಿಫ್ಟನ್ನು ನೋಡಿ ಅಭ್ಯಾಸವಿದ್ದವರು ಬೆನ್ನ ಬುಡದಲ್ಲಿ ಬಿಳಿ ಪಟ್ಟಿ ಹುಡುಕುತ್ತಾರೆ. ಇದಕ್ಕೆ ಅದಿಲ್ಲ. ಗುರುತಿಗೆ ಇನ್ನೊಂದು ಸುಲಭ ದಾರಿ: ತಂತಿಯ ಮೇಲೆ ಕೂತದ್ದು ಯಾವುದೇ ಇರಲಿ, ಸ್ವಿಫ್ಟ್ ಅಲ್ಲ. ಇದರ ಕಾಲು ಕೊಂಬೆ ಹಿಡಿದು ಕೂರಲು ಬಾರದು. ಒರಟು ಗೋಡೆಗೆ ಉಗುರು ನೆಟ್ಟು, ಬಾಲದ ಗರಿಗಳ ಮುಳ್ಳಿನಂಥ ತುದಿಯನ್ನು ಆಸರೆ ಮಾಡಿಕೊಂಡು ನೇತಾಡುವುದಷ್ಟೇ ಗೊತ್ತು. ಹಿಂದೆ ಟೊಳ್ಳು ಮರಗಳಲ್ಲಿತ್ತು. ಮರ ಹೋಯಿತು, ಚಿಮ್ನಿ ಬಂತು. ಈಗ ಚಿಮ್ನಿಗಳೂ ಹೋಗುತ್ತಿವೆ. ಕೆನಡಾ 2009ರಲ್ಲೇ ಇದನ್ನು ಅಪಾಯದಲ್ಲಿರುವ ಪಕ್ಷಿಗಳ ಪಟ್ಟಿಗೆ ಸೇರಿಸಿತು.

ಟೊರಾಂಟೊ, ನ್ಯೂಜೆರ್ಸಿ, ಅಟ್ಲಾಂಟಾ ಕಡೆ ಇರುವ ಕನ್ನಡಿಗರಿಗೆ ಈ ಕೆಲಸ ಕಾಲ್ನಡಿಗೆಯ ದೂರದಲ್ಲೇ ಸಿಗಬಹುದು. ಹುಡುಕಬೇಕಾದ್ದು ಹಳೇ ಶಾಲೆ, ಚರ್ಚು, ಕಾರ್ಖಾನೆಗಳ ಅಗಲ ಬಾಯಿಯ ಇಟ್ಟಿಗೆ ಚಿಮ್ನಿ. ಮೇಲೆ ಜಾಲರಿಯೋ ತಗಡಿನ ಮುಚ್ಚಳವೋ ಇದ್ದರೆ ಅಲ್ಲಿಗೆ ಮುಗಿಯಿತು. ಒಳಗೆ ಲೋಹದ ಕೊಳವೆ ಇಳಿಸಿದ್ದರೂ ಪ್ರಯೋಜನವಿಲ್ಲ, ನಯವಾದ ಗೋಡೆಗೆ ಉಗುರು ನಿಲ್ಲುವುದಿಲ್ಲ. ಇಂಥದ್ದರೊಳಗೆ ಬಿದ್ದ ಹಕ್ಕಿ ಮೇಲೆ ಹತ್ತಲಾರದೆ ಸಾಯುವುದುಂಟು.

ಹಗಲಲ್ಲೇ ಒಂದೋ ಎರಡೋ ಹಕ್ಕಿ ಹೋಗಿ ಬರುತ್ತಿದ್ದರೆ ಅದು ಗೂಡು. ಒಂದು ಚಿಮ್ನಿಯಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಗೂಡು ಕಟ್ಟುತ್ತದೆ, ಕಡ್ಡಿಗಳನ್ನು ಎಂಜಲಿನಿಂದ ಗೋಡೆಗೆ ಅಂಟಿಸಿ. ಸೂರ್ಯ ಮುಳುಗುವ ಹೊತ್ತಿಗೆ ಗುಂಪುಗುಂಪಾಗಿ ಇಳಿದರೆ ಅದು ರಾತ್ರಿ ತಂಗುದಾಣ. ಜೂನ್ ಮೊದಲ ವಾರದಲ್ಲೂ ತಂಗುದಾಣ ತುಂಬಿದ್ದರೆ ಅಲ್ಲಿರುವುದು ಬಹುಪಾಲು ಆ ವರ್ಷ ಗೂಡು ಕಟ್ಟದ ಹಕ್ಕಿಗಳು. ಆಗಸ್ಟ್ ನಂತರ ಹೊಸ ಮರಿಗಳೂ ಸೇರಿಕೊಳ್ಳುವುದರಿಂದ ಸಂಖ್ಯೆ ಉಬ್ಬುತ್ತದೆ. ಹಾಗಾಗಿ ಜೂನಿನ ಅಂಕಿಯನ್ನೂ ಸೆಪ್ಟೆಂಬರಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೆಚ್ಚಾಯಿತು, ಕಮ್ಮಿಯಾಯಿತು ಅನ್ನುವುದು ತಪ್ಪು. ಕೆನಡಾದಲ್ಲಿ ಬರ್ಡ್ಸ್ ಕೆನಡಾ ಎಂಬ ಪಕ್ಷಿ ಸಂಸ್ಥೆ ನಡೆಸುವ ಎಣಿಕೆ ಕಾರ್ಯಕ್ರಮ ಸ್ವಿಫ್ಟ್‌ವಾಚ್ ಮೇ ಕೊನೆ ಮತ್ತು ಜೂನ್ ಮೊದಲಲ್ಲಿ ಕೆಲವು ರಾತ್ರಿಗಳನ್ನು ನಿಗದಿ ಮಾಡಿ, ಎಲ್ಲೆಡೆ ಅದೇ ರಾತ್ರಿ ಎಣಿಸಲು ಕೇಳುತ್ತದೆ. ಹಕ್ಕಿಗಳು ಇವತ್ತು ಈ ಚಿಮ್ನಿ, ನಾಳೆ ಆ ಚಿಮ್ನಿ ಎಂದು ಮನೆ ಬದಲಿಸುತ್ತವೆ; ಬೇರೆಬೇರೆ ದಿನ ಎಣಿಸಿದರೆ ಒಂದೇ ಹಕ್ಕಿ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಜಾಗದಲ್ಲಿರಬೇಕು. ಮೋಡ ಕವಿದಿದ್ದರೆ ಇನ್ನೂ ಮುಂಚೆ, ಬೆಳಕು ಕಮ್ಮಿಯಾದಷ್ಟೂ ಬೇಗ ಇಳಿಯುತ್ತವೆ. ಚಳಿಮಳೆಯ ದಿನ ಮಧ್ಯಾಹ್ನವೇ ಒಳಸೇರಿರುತ್ತವೆ, ಎಣಿಸುವವರಿಗೆ ಸಂಜೆ ಸೊನ್ನೆ ಸಿಗುತ್ತದೆ. ಚಿಮ್ನಿಯ ಪೂರ್ವಕ್ಕೆ ನಿಂತು ಪಶ್ಚಿಮಕ್ಕೆ ಮುಖ ಮಾಡಿ. ಕೊನೆಯ ಹದಿನೈದು ನಿಮಿಷ ಆ ಕಡೆಯ ಬೆಳಕೇ ಆಸರೆ. ಹಕ್ಕಿ ಕಪ್ಪು ಚುಕ್ಕೆಯಾಗಿ ಬಾಯಿಯ ಅಂಚಿಗೆ ಬಿದ್ದದ್ದು ಚೆನ್ನಾಗಿ ಕಾಣುತ್ತದೆ. ಪಶ್ಚಿಮದಲ್ಲಿ ನಿಂತರೆ ಕತ್ತಲಾದ ಆಕಾಶದಲ್ಲಿ ಕತ್ತಲ ಬಣ್ಣದ ಹಕ್ಕಿ ಹುಡುಕಿದಂತಾಗುತ್ತದೆ. ತೀರಾ ಬುಡದಲ್ಲೂ ನಿಲ್ಲಬೇಡಿ. ಬಾಯಿಯ ಆಚೆ ಬದಿ ಮರೆಯಾಗುತ್ತದೆ, ಕತ್ತೂ ಹಿಡಿಯುತ್ತದೆ. ಹಿಂದಕ್ಕೆ ವಾಲುವ ಕುರ್ಚಿ ಬೈನಾಕ್ಯುಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಜ ಹೇಳಬೇಕೆಂದರೆ ಇಳಿಯುವ ಭರಾಟೆಯಲ್ಲಿ ಬೈನಾಕ್ಯುಲರ್ ಅಡ್ಡಿಯೇ.

ಕಟ್ಟಡದವರಿಗೆ ಮೊದಲೇ ಒಂದು ಮಾತು ಹೇಳಿ. ಮುಸ್ಸಂಜೆಯಲ್ಲಿ ನಾಲ್ಕು ಜನ ಶಾಲೆಯ ಚಾವಣಿ ದಿಟ್ಟಿಸುತ್ತ ಕೂತರೆ ಯಾರೋ ಪೊಲೀಸರಿಗೆ ಫೋನ್ ಮಾಡುತ್ತಾರೆ. ಬಾಯೊಳಗೆ ಟಾರ್ಚ್ ಬಿಡುವುದು, ಮೇಲೆ ಡ್ರೋನ್ ಹಾರಿಸುವುದು ಬೇಡವೇ ಬೇಡ.

ಇನ್ನು ಎಣಿಕೆ. ಮೊದಮೊದಲು ಒಂದೊಂದೇ ಇಳಿಯುತ್ತವೆ. ರೆಕ್ಕೆ ಮೇಲೆತ್ತಿ, ಗಾಳಿಯಲ್ಲಿ ಅರೆಕ್ಷಣ ತಡೆದು, ಎಲೆ ಉದುರಿದಂತೆ ಓಲಾಡುತ್ತ ಬೀಳುತ್ತವೆ. ಬಾಯಿತನಕ ಬಂದು ಇಳಿಯದೆ ಹಾರಿಹೋಗುವವೂ ಬಹಳ. ಹಕ್ಕಿಯ ಮೈ ಇಟ್ಟಿಗೆಯ ಅಂಚಿಗಿಂತ ಕೆಳಗೆ ಹೋಗಿ ಮರೆಯಾಗುವ ತನಕ ಬೆರಳು ಒತ್ತಬಾರದು. ಎಣಿಸಲು ಒತ್ತುವ ಕೌಂಟರ್ ಸಾಕು. ಜಪಕ್ಕೆಂದು ಬೆರಳಿಗೆ ಹಾಕಿಕೊಳ್ಳುವ ಉಂಗುರದ ಕೌಂಟರ್ ಇದಕ್ಕೆ ಹೇಳಿಮಾಡಿಸಿದ ಹಾಗಿದೆ, ನೋಡದೆಯೇ ಒತ್ತಬಹುದು. ಒಳಹೋದದ್ದಕ್ಕೆ ಬಲಗೈ, ಹೊರಬಂದದ್ದಕ್ಕೆ ಎಡಗೈ.

ಆಮೇಲೆ ಒಮ್ಮೆಲೇ ಸುರಿಯುತ್ತವೆ, ಸೆಕೆಂಡಿಗೆ ನಾಲ್ಕೈದು. ಒಂದೊಂದಕ್ಕೂ ಒತ್ತಲು ಹೋದರೆ ಹಿಂದೆ ಬೀಳುತ್ತೀರಿ. ಹತ್ತು ಹಕ್ಕಿಗೆ ಒಂದು ಒತ್ತು ಎಂದು ಬದಲಿಸಿ, ಬದಲಿಸಿದ ಹೊತ್ತನ್ನು ಗಟ್ಟಿಯಾಗಿ ಹೇಳಿ. ಹೇಳದಿದ್ದರೆ ಕೌಂಟರಿನಲ್ಲಿ ಬಿಡಿ ಎಷ್ಟು, ಹತ್ತರ ಕಟ್ಟು ಎಷ್ಟು ಎಂದು ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹತ್ತು ಅಂದರೆ ಕಣ್ಣಿಗೆ ಎಷ್ಟು ಎಂದು ಕಲಿಯುವುದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಬಹುದು: ತಟ್ಟೆಗೆ ಒಂದು ಹಿಡಿ ಅಲಸಂದೆ ಕಾಳು ಚೆಲ್ಲಿ, ಎರಡು ಸೆಕೆಂಡ್ ನೋಡಿ, ಅಂದಾಜು ಹೇಳಿ, ಎಣಿಸಿ. ಹೆಚ್ಚಿನವರ ಅಂದಾಜು ಕಮ್ಮಿ ಬೀಳುತ್ತದೆ, ರಾಶಿ ದೊಡ್ಡದಾದಷ್ಟೂ ಇನ್ನಷ್ಟು ಕಮ್ಮಿ. ತನ್ನ ಅಂದಾಜು ಯಾವ ಕಡೆ ವಾಲುತ್ತದೆ ಎಂದು ಗೊತ್ತಿರುವವರೇ ಚಿಮ್ನಿಯ ಮುಂದೆ ನಂಬಲರ್ಹರು.

ಎಣಿಸದ ಇನ್ನೊಬ್ಬರು ಹೊತ್ತು ಕೂಗುತ್ತ ಬರೆದುಕೊಂಡರೆ ಅರ್ಧ ಕೆಲಸ ಹಗುರ. ನಿಮಿಷಕ್ಕೊಂದು ಸಾಲು: ಹೊತ್ತು, ಒಳಗೆ, ಹೊರಗೆ. ಉದಾಹರಣೆಗೆ 8:51ಕ್ಕೆ 34 ಒಳಗೆ, 0 ಹೊರಗೆ. 8:52ಕ್ಕೆ 110 ಒಳಗೆ, 6 ಹೊರಗೆ. ಎರಡು ನಿಮಿಷದ ನಿವ್ವಳ 138. ಈ ಹೊರಗಿನ ಕಾಲಮ್ಮನ್ನು ಖಾಲಿ ಬಿಡುವವರೇ ಹೆಚ್ಚು. ಒಳಗೆ ಹಕ್ಕಿಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಹೊಸದು ಬಂದು ಬಿದ್ದಾಗ ನೂಕುನುಗ್ಗಲಲ್ಲಿ ಕೆಲವು ಹೊರಚಿಮ್ಮಿ ಇನ್ನೊಂದು ಸುತ್ತು ಹಾಕಿ ಮತ್ತೆ ಇಳಿಯುತ್ತವೆ. ಕಳೆಯದಿದ್ದರೆ ಅವೇ ಎರಡೆರಡು ಸಲ ಲೆಕ್ಕ. ಗಿಡುಗ ಚಿಮ್ನಿಯ ಅಂಚಿಗೆ ಬಂದು ಕೂತರಂತೂ ಇಡೀ ಗುಂಪು ಚದುರುತ್ತದೆ. ಆಗ ಹೊತ್ತು ಬರೆದು ಕಾಯಿರಿ, ಬಹಳ ಸಲ ತಡವಾಗಿಯಾದರೂ ವಾಪಸ್ ಬರುತ್ತವೆ. ಕತ್ತಲಾಗುವಾಗ ಬಾವಲಿಗಳೂ ಓಡಾಡುತ್ತವೆ. ಅವುಗಳ ಹಾರಾಟ ಅಂಕುಡೊಂಕು, ಹೊರಡುವ ದಿಕ್ಕೂ ಸಾಮಾನ್ಯವಾಗಿ ಉಲ್ಟಾ: ಸ್ವಿಫ್ಟ್ ಒಳಗೆ ಹೋಗುವ ಹೊತ್ತಲ್ಲಿ ಬಾವಲಿ ಹೊರಗೆ ಬರುತ್ತದೆ.

ಇಬ್ಬರು ಎಣಿಸುತ್ತಿದ್ದರೆ ಮುಗಿಯುವ ತನಕ ಅಂಕಿ ಹೇಳಿಕೊಳ್ಳಬಾರದು. ಎರಡನ್ನೂ ಬರೆಯಿರಿ, ಸರಾಸರಿ ಮಾಡಿ ಒಂದನ್ನು ಅಳಿಸಬೇಡಿ. ದೊಡ್ಡ ತಂಗುದಾಣಕ್ಕೆ ವಿಡಿಯೋ ಒಳ್ಳೆಯ ಸಾಕ್ಷಿ: ಮೊಬೈಲನ್ನು ಟ್ರೈಪಾಡಿಗೆ ಹಾಕಿ, ಬಾಯಿಯ ಅಂಚು ಚೌಕಟ್ಟಿನ ಮೂರನೇ ಒಂದು ಭಾಗ ತುಂಬುವಂತೆ ಇಟ್ಟು, ಫೋಕಸನ್ನು ಇಟ್ಟಿಗೆಗೆ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಕತ್ತಲಾದಂತೆ ಕ್ಯಾಮೆರಾ ಫೋಕಸ್ ಹುಡುಕಾಡುತ್ತ, ಸರಿಯಾಗಿ ಸುರಿಯುವ ಆ ಐದು ನಿಮಿಷವೇ ಮಬ್ಬಾಗುತ್ತದೆ. ಮನೆಯಲ್ಲಿ ನಿಧಾನಕ್ಕೆ ಓಡಿಸಿ ಎಣಿಸಿ. ಬೆಳಿಗ್ಗೆ ಹೊರಬರುವಾಗ ಎಣಿಸೋಣ ಎನ್ನುವುದು ಕೇಳಲು ಚೆಂದ, ಆದರೆ ಆಗ ಬಿಟ್ಟುಬಿಟ್ಟು ಹೊರಡುತ್ತವೆ, ಕೆಲವು ವಾಪಸ್ ಒಳಗೇ ಹೋಗುತ್ತವೆ, ಹೊತ್ತೂ ಲಂಬಿಸುತ್ತದೆ.

ಕೊನೆಯ ಹಕ್ಕಿ ಇಳಿದ ಮೇಲೆ ಹತ್ತು ನಿಮಿಷ ಕೂತೇ ಇರಿ. ತಡವಾಗಿ ಒಂದೊಂದೇ ಬರುವವು ಆ ಹತ್ತು ನಿಮಿಷದಲ್ಲೇ. ನಂತರ ಮೋಡ, ಗಾಳಿ, ಉಷ್ಣಾಂಶ, ಮೊದಲನೆಯದು ಮತ್ತು ಕೊನೆಯದು ಇಳಿದ ಹೊತ್ತು ಬರೆದು ಎಣಿಕೆ ನಡೆಸುವವರಿಗೆ ಅಂದೇ ರಾತ್ರಿ ಕಳಿಸಿ. ಒಂದೂ ಬರದಿದ್ದರೆ ಸೊನ್ನೆ ಬರೆದು ಕಳಿಸಿ. ಖಾಲಿ ಬಿಟ್ಟರೆ ಹಕ್ಕಿ ಬರಲಿಲ್ಲವೋ ಎಣಿಸುವವರು ಬರಲಿಲ್ಲವೋ ಯಾರಿಗೂ ತಿಳಿಯದು. ಚಿಮ್ನಿಗೆ ಹೊಸದಾಗಿ ಮುಚ್ಚಳ ಬಿದ್ದಿದ್ದರೆ ಸೊನ್ನೆಯ ಪಕ್ಕದಲ್ಲಿ ಅದನ್ನೂ ಬರೆದು, ಮಾರನೇ ದಿನ ಹಗಲಲ್ಲಿ ಒಂದು ಫೋಟೋ ತೆಗೆದು ಜೊತೆಗಿಡಿ.